ಕೋತಿಗಳಲ್ಲಿ ಹಾರ್ಮೋನ್ ಮತ್ತು ರಾಸಾಯನಿಕಗಳ ಕ್ಯಾನ್ಸರ್ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

‘ಈ ಔಷಧ ಕೋತಿಗಳಿಗೆ ಕ್ಯಾನ್ಸರ್ ತಂದಿತು’ ಎಂದು ಓದಿದರೆ ಎದೆ ಧಸಕ್ ಎನ್ನುತ್ತದೆ. ‘ಕೋತಿಗಳಿಗೆ ಏನೂ ಆಗಲಿಲ್ಲ’ ಎಂದು ಓದಿದರೆ ಸಮಾಧಾನವಾಗುತ್ತದೆ. ಈ ಹೆದರಿಕೆ, ಈ ಸಮಾಧಾನ ಎರಡೂ ಸ್ವಲ್ಪ ಅವಸರದ್ದೇ. ಯಾಕೆ ಎಂಬುದು ಮುಂದಿನ ಪ್ರಶ್ನೆಗಳಲ್ಲಿ ಸಿಗುತ್ತದೆ.

ಕ್ಯಾನ್ಸರ್ ಪರೀಕ್ಷೆ ಅಂದ್ರೆ ಇಲಿ ತಾನೇ? ಕೋತಿ ಯಾಕೆ ಬಂತು?

ಹೌದು, ಬಹುಪಾಲು ಪರೀಕ್ಷೆ ಇಲಿಗಳ ಮೇಲೆಯೇ ನಡೆಯುತ್ತದೆ. ಇಲಿಯ ಆಯಸ್ಸು ಎರಡು ಮೂರು ವರ್ಷ. ಎರಡು ವರ್ಷ ಔಷಧ ಕೊಟ್ಟರೆ ಅದರ ಜೀವಮಾನವೇ ಮುಗಿದಂತೆ. ಒಂದೊಂದು ಡೋಸ್‌ಗೂ 50 ಗಂಡು, 50 ಹೆಣ್ಣು ಇಟ್ಟು ಲೆಕ್ಕ ಹಾಕಬಹುದು.

ತೊಂದರೆ ಏನೆಂದರೆ ಇಲಿಗೆ ಮುಟ್ಟು ಆಗುವುದಿಲ್ಲ. ಹೆಣ್ಣಿಲಿಯ ಹಾರ್ಮೋನ್ ಚಕ್ರ ನಾಲ್ಕೈದು ದಿನದ್ದು. ರೀಸಸ್ ಕೋತಿಯದು ಸುಮಾರು 28 ದಿನದ್ದು, ಅದಕ್ಕೆ ಮುಟ್ಟೂ ಆಗುತ್ತದೆ, ವಯಸ್ಸಾದ ಮೇಲೆ ನಿಲ್ಲುತ್ತದೆ ಕೂಡ. ಗರ್ಭಕೋಶ, ಸ್ತನ, ಅಂಡಾಶಯದ ವಿಷಯ ಬಂದಾಗ ವಿಜ್ಞಾನಿಗಳು ಕೋತಿಯತ್ತ ತಿರುಗಿದ್ದು ಇದಕ್ಕೇ. ಇನ್ನೊಂದು ಕಾರಣ ಕಾಲ. ಸಾಕಿದ ರೀಸಸ್ ಕೋತಿ ಸುಮಾರು 25 ವರ್ಷ ಬದುಕುತ್ತದೆ, ಕೆಲವು ಇನ್ನೂ ಜಾಸ್ತಿ. ಮನುಷ್ಯರಲ್ಲಿ ಕ್ಯಾನ್ಸರ್ ಬೆಳೆಯಲು ಹತ್ತಿಪ್ಪತ್ತು ವರ್ಷ ಬೇಕಾಗುತ್ತದಲ್ಲ, ಅಂಥ ನಿಧಾನದ ಕಾಯಿಲೆ ನೋಡಲು ನಿಧಾನಕ್ಕೆ ಮುದಿಯಾಗುವ ಪ್ರಾಣಿಯೇ ಬೇಕು.

ಯಾವ ಕೋತಿಗಳನ್ನು ಬಳಸಿದ್ದಾರೆ?

ಮುಖ್ಯವಾಗಿ ರೀಸಸ್ ಮತ್ತು ಸೈನೊಮೋಲ್ಗಸ್. ಎರಡೂ ಮಕಾಕ್ ಕುಲದವು. ಆಫ್ರಿಕನ್ ಗ್ರೀನ್ ಕೋತಿ, ಬುಷ್‌ಬೇಬಿ ಎಂಬ ಪುಟ್ಟ ನಿಶಾಚರಿ ಕೂಡ ಇದ್ದವು. ಭಾರತ 1978ರಲ್ಲಿ ರೀಸಸ್ ರಫ್ತು ನಿಲ್ಲಿಸಿದ ಮೇಲೆ ಹೊರಗಿನ ಪ್ರಯೋಗಾಲಯಗಳಿಗೆ ರೀಸಸ್ ಸಿಗುವುದು ಕಷ್ಟವಾಯಿತು. ಇವತ್ತು ಔಷಧ ಪರೀಕ್ಷೆಯಲ್ಲಿ ಸೈನೊಮೋಲ್ಗಸ್ಸೇ ಜಾಸ್ತಿ.

ಇದು ಶುರುವಾಗಿದ್ದು ಯಾವಾಗ?

ಹಾರ್ಮೋನ್‌ಗಳಿಂದಲೇ ಶುರುವಾಯಿತು ಎನ್ನಬಹುದು. 1932ರಲ್ಲಿ ಫ್ರಾನ್ಸಿನ ಆಂಟ್ವಾನ್ ಲಕಸಾನ್ಯ್ ಗಂಡು ಸುಂಡಿಲಿಗಳಿಗೆ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಚುಚ್ಚಿದರು. ಅವಕ್ಕೆ ಸ್ತನ ಕ್ಯಾನ್ಸರ್ ಬಂತು. ಗಂಡಿಗೆ! ಆಗ ಎಲ್ಲರಿಗೂ ಒಂದೇ ಪ್ರಶ್ನೆ: ಹೆಂಗಸರಿಗೂ ಹೀಗೇ ಆಗುತ್ತದಾ? ಒಂದು ಮಾತು ಮರೆಯಬಾರದು. ಆ ತಳಿಯ ಹೆಣ್ಣಿಲಿಗಳಿಗೆ ಏನೂ ಕೊಡದಿದ್ದರೂ ಸ್ತನ ಕ್ಯಾನ್ಸರ್ ಬರುವುದು ಮಾಮೂಲಾಗಿತ್ತು.

ಅದೇ ದಶಕದಲ್ಲಿ ಅಮೆರಿಕದ ಎಡ್ಗರ್ ಅಲೆನ್ ಮತ್ತು ಜೊತೆಗಾರರು ಹೆಣ್ಣು ಕೋತಿಗಳಿಗೆ ತಿಂಗಳುಗಟ್ಟಲೆ ಅಂಡಾಶಯದ ಹಾರ್ಮೋನ್ ಕೊಟ್ಟರು. ಗರ್ಭಕೋಶದ ಕೊರಳಿನ ಒಳಪದರ ವಿಚಿತ್ರವಾಗಿ ಬೆಳೆಯಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅನುಮಾನ ಹುಟ್ಟಿಸುವಂತಿತ್ತು, ಆದರೆ ಕ್ಯಾನ್ಸರ್ ಅಲ್ಲ. 1943ರಲ್ಲಿ ಇನ್ನೊಂದು ತಂಡ ವಯಸ್ಸಾದ ಹೆಣ್ಣು ಕೋತಿಗಳಿಗೆ ಈಸ್ಟ್ರೊಜೆನ್ ಕೊಟ್ಟು, ಗಡ್ಡೆ ಬರಲಿಲ್ಲ ಎಂದು ಬರೆಯಿತು. 1948ರಲ್ಲಿ ಫೈಫರ್ ಮತ್ತು ಅಲೆನ್ ಹೆಸರಿನಲ್ಲಿ ಬಂದ ವರದಿಯಲ್ಲಿ ಈಸ್ಟ್ರೊಜೆನ್ ಜೊತೆಗೆ, ಇಲಿಗಳಲ್ಲಿ ಕ್ಯಾನ್ಸರ್ ತರುವುದಕ್ಕೆ ಹೆಸರಾದ ಹೈಡ್ರೊಕಾರ್ಬನ್‌ಗಳನ್ನೂ ರೀಸಸ್ ಮೇಲೆ ಪ್ರಯೋಗಿಸಿದ್ದರು. ಶೀರ್ಷಿಕೆಯಲ್ಲೇ ‘ಪ್ರಯತ್ನಗಳು’ ಎಂಬ ಪದ ಇದೆ. ಪ್ರಯತ್ನಪಟ್ಟರು, ಹೆಚ್ಚೇನೂ ದಕ್ಕಲಿಲ್ಲ.

ಹಾಗಾದ್ರೆ ಈಸ್ಟ್ರೊಜೆನ್ ಸುರಕ್ಷಿತ ಅಂತ ಆಯ್ತಲ್ವಾ?

ಆಗ ಕೆಲವರು ಹಾಗೇ ಅಂದುಕೊಂಡರು. ತಪ್ಪಾಯಿತು. ಮುಟ್ಟು ನಿಂತ ಮೇಲೆ ಬರೀ ಈಸ್ಟ್ರೊಜೆನ್ ತೆಗೆದುಕೊಂಡ ಹೆಂಗಸರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆ ಎಂಬುದು 1970ರ ದಶಕದಲ್ಲಿ ಗೊತ್ತಾಯಿತು. ಇವತ್ತು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಐಎಆರ್‌ಸಿ ಅದನ್ನು ಮೊದಲನೇ ಗುಂಪಿಗೆ ಹಾಕಿದೆ. ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಅನುಮಾನ ಇಲ್ಲ.

ಕೋತಿಗಳು ಸುಳ್ಳು ಹೇಳಿದವಾ? ಇಲ್ಲ. ಕೋತಿಗಳ ಸಂಖ್ಯೆ ಕಡಿಮೆ ಇತ್ತು, ನೋಡಿದ ಕಾಲವೂ ಕಡಿಮೆ ಇತ್ತು.

ಕಡಿಮೆ ಅಂದ್ರೆ ಎಷ್ಟು? 20 ಕೋತಿ ಸಾಲದಾ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ಒಂದು ರಾಸಾಯನಿಕ ಪ್ರತಿ 10 ಕೋತಿಗೆ ಒಂದಕ್ಕೆ ಕ್ಯಾನ್ಸರ್ ತರುತ್ತದೆ ಅಂದುಕೊಳ್ಳಿ. ಇದು ಭಯಂಕರ ವಿಷ. ಆದರೂ 20 ಕೋತಿಗಳಲ್ಲಿ ಒಂದಕ್ಕೂ ಬಾರದೇ ಇರುವ ಸಾಧ್ಯತೆ ಶೇ 12ರಷ್ಟು ಇರುತ್ತದೆ. ಪ್ರತಿ 100ಕ್ಕೆ ಒಂದು ಎಂದಾದರೆ, 20 ಕೋತಿಗಳೂ ಚೆನ್ನಾಗಿಯೇ ಇರುವ ಸಾಧ್ಯತೆ ಶೇ 82. ಪರೀಕ್ಷೆ ಮುಗಿಯುತ್ತದೆ, ‘ಏನೂ ಕಾಣಲಿಲ್ಲ’ ಎಂದು ವರದಿ ಬರುತ್ತದೆ, ಅದು ಸುಳ್ಳೂ ಅಲ್ಲ.

ಈಗ ನಿಜವಾದ ಒಂದು ಕಥೆಗೆ ಇದನ್ನು ಹೊಂದಿಸಿ ನೋಡಿ. ಡೈಎಥಿಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೊಜೆನ್ ಅನ್ನು ಗರ್ಭಪಾತ ತಡೆಯಲೆಂದು ಬಸುರಿಯರಿಗೆ ಕೊಡುತ್ತಿದ್ದರು. 1971ರಲ್ಲಿ ಬಾಸ್ಟನ್ನಿನ ವೈದ್ಯರು ಹದಿಹರೆಯದ ಹುಡುಗಿಯರಲ್ಲಿ ಯೋನಿಯ ಅಪರೂಪದ ಕ್ಯಾನ್ಸರ್ ಕಂಡು ಹಿಂದೆ ಹುಡುಕುತ್ತಾ ಹೋದರು. ಅವರ ತಾಯಂದಿರು ಬಸುರಿನಲ್ಲಿ ಈ ಔಷಧ ತೆಗೆದುಕೊಂಡಿದ್ದರು. ಆದರೂ ಹಾಗೆ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಈ ಕ್ಯಾನ್ಸರ್ ಬರುವುದು ಸುಮಾರು 1000ಕ್ಕೆ ಒಬ್ಬರಿಗೆ. ಇದನ್ನು ಕೋತಿಗಳಲ್ಲಿ ಹಿಡಿಯಲು ಎಷ್ಟು ಸಾವಿರ ಬಸುರಿ ಕೋತಿಗಳು ಬೇಕು, ಎಷ್ಟು ವರ್ಷ ಕಾಯಬೇಕು? ಅಷ್ಟು ಕೋತಿಗಳನ್ನು ಯಾರೂ ಸಾಕಿಲ್ಲ, ಸಾಕುವುದೂ ಇಲ್ಲ.

ಕೋತಿಗಳ ಮೇಲೆ ನಡೆದ ದೊಡ್ಡ ಪ್ರಯೋಗ ಯಾವುದು?

ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ 1961ರಲ್ಲಿ ಶುರುಮಾಡಿದ್ದು. 30 ವರ್ಷಕ್ಕೂ ಮೀರಿ ನಡೆಯಿತು. ಶುರುಮಾಡಿದವರಲ್ಲಿ ಎಷ್ಟೋ ಜನ ನಿವೃತ್ತರಾಗಿರಬೇಕು, ಕೋತಿಗಳು ಮಾತ್ರ ಬದುಕಿದ್ದವು. ಕ್ಯಾನ್ಸರ್‌ಗೆ ಕೊಡುವ ಔಷಧಗಳು, ಆಹಾರಕ್ಕೆ ಬೆರೆಸುವ ವಸ್ತುಗಳು, ಕೀಟನಾಶಕ, ಬೂಷ್ಟಿನ ವಿಷ, ಸುಟ್ಟ ಮಾಂಸದಲ್ಲಿ ಸಿಗುವ ರಾಸಾಯನಿಕ ಎಲ್ಲವೂ ಪಟ್ಟಿಯಲ್ಲಿದ್ದವು. ಎಷ್ಟೋ ಮರಿಗಳಿಗೆ ಹುಟ್ಟಿದಾಗಿನಿಂದಲೇ ಡೋಸ್ ಕೊಡಲು ಶುರುಮಾಡಿದ್ದರು.

ಕೆಲವು ಫಲಿತಾಂಶಗಳಲ್ಲಿ ಅನುಮಾನವೇ ಇರಲಿಲ್ಲ. ಡೈಎಥಿಲ್‌ನೈಟ್ರೊಸಮೀನ್ ಕೊಟ್ಟ ಕೋತಿಗಳಿಗೆ ಲಿವರ್ ಕ್ಯಾನ್ಸರ್ ಬಂತು, ಅದೂ ಬೇಗ ಬಂತು. ಬುಷ್‌ಬೇಬಿಗೆ ಅದೇ ವಿಷ ಕೊಟ್ಟರೆ ಗಡ್ಡೆ ಮೂಗಿನ ಒಳಗೆ ಬೆಳೆಯಿತು. ಮೀಥೈಲ್‌ನೈಟ್ರೊಸೊಯೂರಿಯಾ ಅನ್ನನಾಳದ ಕ್ಯಾನ್ಸರ್ ತಂದಿತು. ಪ್ರೊಕಾರ್ಬಜೀನ್ ಎಂಬುದು ಕ್ಯಾನ್ಸರ್ ವಾಸಿಮಾಡಲು ಕೊಡುವ ಔಷಧ, ಅದರಿಂದ ಕೋತಿಗಳಿಗೆ ರಕ್ತದ ಕ್ಯಾನ್ಸರ್ ಬಂತು. ಬೂಷ್ಟು ಹಿಡಿದ ಕಡಲೆಕಾಯಿ, ಜೋಳದಲ್ಲಿ ಇರುವ ಅಫ್ಲಾಟಾಕ್ಸಿನ್ ಲಿವರ್, ಪಿತ್ತನಾಳ, ಮೂಳೆ ಹೀಗೆ ಬೇರೆ ಬೇರೆ ಕಡೆ ಗಡ್ಡೆ ಬೆಳೆಸಿತು. ಏನೂ ಕೊಡದ ಕೋತಿಗಳಲ್ಲಿ ಕ್ಯಾನ್ಸರ್ ತೀರಾ ಕಡಿಮೆ ಇದ್ದದ್ದರಿಂದ ವ್ಯತ್ಯಾಸ ಎದ್ದು ಕಾಣುತ್ತಿತ್ತು.

ಸ್ಯಾಕರಿನ್ ಕಥೆ ಏನಾಯಿತು?

ಕೆನಡಾದಲ್ಲಿ ಸ್ಯಾಕರಿನ್ ಎಂಬ ಕೃತಕ ಸಿಹಿಕಾರಕ ತಿಂದ ಇಲಿಗಳಿಗೆ ಮೂತ್ರಕೋಶದ ಕ್ಯಾನ್ಸರ್ ಬಂತು ಎಂದು 1977ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಅದನ್ನು ನಿಷೇಧಿಸಲು ಹೊರಟಿತು. ಜನ ಸಿಟ್ಟಾದರು. ಸಂಸತ್ತು ನಿಷೇಧ ತಡೆದು ಡಬ್ಬಿಯ ಮೇಲೆ ಎಚ್ಚರಿಕೆ ಹಾಕಿಸಿತು.

ಆ ಹೊತ್ತಿಗೆ ಮೇಲೆ ಹೇಳಿದ ದೊಡ್ಡ ಪ್ರಯೋಗದ 20 ಕೋತಿಗಳು ಸದ್ದಿಲ್ಲದೆ ಸ್ಯಾಕರಿನ್ ತಿನ್ನುತ್ತಲೇ ಇದ್ದವು. ಒಂದು ಕೆಜಿ ತೂಕಕ್ಕೆ 25 ಮಿಲಿಗ್ರಾಂ, ವಾರಕ್ಕೆ ಐದು ದಿನ, ಕೆಲವು 24 ವರ್ಷದವರೆಗೂ. ಮನುಷ್ಯರಿಗೆ ದಿನಕ್ಕೆ ಇಷ್ಟು ಸಾಕು ಎಂದು ಹಾಕಿದ ಮಿತಿಯ ಸುಮಾರು ಐದು ಪಟ್ಟು. 1998ರಲ್ಲಿ ವರದಿ ಬಂತು: ಮೂತ್ರಕೋಶದಲ್ಲಿ ಏನೂ ಇಲ್ಲ.

ಬರೀ 20 ಕೋತಿ ಎಂದು ಇದನ್ನೂ ತಳ್ಳಿಹಾಕಬೇಕಲ್ಲ? ಇಲ್ಲೊಂದು ವ್ಯತ್ಯಾಸ ಇದೆ. ಇಲಿಗೆ ಯಾಕೆ ಗಡ್ಡೆ ಬಂತು ಎಂಬುದೂ ಅಷ್ಟರಲ್ಲಿ ಗೊತ್ತಾಗಿತ್ತು. ತುಂಬಾ ಸ್ಯಾಕರಿನ್ ತಿಂದ ಇಲಿಯ ಮೂತ್ರದಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಟ್ಟುತ್ತದೆ. ಆ ಗಸಿ ಮೂತ್ರಕೋಶದ ಒಳಪದರವನ್ನು ಉಜ್ಜಿ ಉಜ್ಜಿ ಕೆರಳಿಸುತ್ತದೆ. ಮಾಯಲು ಹೊರಟ ಜೀವಕೋಶಗಳು ಬೆಳೆಯುತ್ತಲೇ ಹೋಗುತ್ತವೆ. ಕೋತಿಗಳ ಮೂತ್ರ ಬೇರೆ ಥರ, ಅಲ್ಲಿ ಆ ಗಸಿ ಕಾಣಲಿಲ್ಲ. ಹೀಗೆ ‘ಬರಲಿಲ್ಲ’ ಎಂಬುದರ ಪಕ್ಕದಲ್ಲಿ ‘ಯಾಕೆ ಬರಲಿಲ್ಲ’ ಎಂಬುದೂ ಇತ್ತು. 2000ದಲ್ಲಿ ಅಮೆರಿಕ ಸರ್ಕಾರ ಸ್ಯಾಕರಿನ್ ಅನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಿಂದ ತೆಗೆಯಿತು.

ಡಿಡಿಟಿ?

24 ಕೋತಿಗಳಿಗೆ ಸುಮಾರು 11 ವರ್ಷ ಕೊಟ್ಟರು. ಎರಡಕ್ಕೆ ಬೇರೆ ಬೇರೆ ಕಡೆ ಕ್ಯಾನ್ಸರ್ ಬಂತು. ಸಂಶೋಧಕರು ‘ಖಚಿತವಾಗಿ ಹೇಳಲಾಗದು’ ಎಂದು ಬರೆದರು. ಹೀಗೆ ಒಪ್ಪಿಕೊಳ್ಳುವ ವರದಿಗಳ ಮೇಲೆ ನನಗೆ ನಂಬಿಕೆ ಜಾಸ್ತಿ.

ಗರ್ಭನಿರೋಧಕ ಇಂಜೆಕ್ಷನ್ ಕೋತಿಗಳಿಗೆ ಕ್ಯಾನ್ಸರ್ ತಂದಿತು ಅಂತಾರೆ. ನಿಜವಾ?

ನಿಜ. ಆದರೆ ಪೂರ್ತಿ ಕೇಳಿ.

1960ರ ದಶಕದ ಕೊನೆಗೆ ಎಫ್‌ಡಿಎ ಒಂದು ನಿಯಮ ತಂದಿತು. ಗರ್ಭನಿರೋಧಕ ಹಾರ್ಮೋನ್ ಯಾವುದೇ ಇರಲಿ, ಬೀಗಲ್ ನಾಯಿಗಳಲ್ಲಿ ಏಳು ವರ್ಷ, ಕೋತಿಗಳಲ್ಲಿ ಹತ್ತು ವರ್ಷ ಪರೀಕ್ಷಿಸಬೇಕು. ಡಿಪೊ ಪ್ರೊವೆರಾ ಎಂಬ ಹೆಸರಿನ ಇಂಜೆಕ್ಷನ್ ಕೂಡ ಇದಕ್ಕೆ ಒಳಪಟ್ಟಿತು. ಅದರಲ್ಲಿರುವುದು ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಕೃತಕ ಹಾರ್ಮೋನ್, ಈ ಇಂಜೆಕ್ಷನ್ನಿಗೆ ಚಿಕ್ಕದಾಗಿ ಡಿಎಂಪಿಎ ಎನ್ನುತ್ತಾರೆ. ಹೆಂಗಸರಿಗೆ ಮೂರು ತಿಂಗಳಿಗೊಮ್ಮೆ 150 ಮಿಲಿಗ್ರಾಂ ಕೊಡುತ್ತಾರೆ.

ಬೀಗಲ್‌ಗಳಿಗೆ ಸ್ತನದ ಗಡ್ಡೆ ಬಂತು, ಕೆಲವು ಕ್ಯಾನ್ಸರ್. ಕೋತಿಗಳ ಮೂರು ಗುಂಪಿಗೆ 90 ದಿನಕ್ಕೊಮ್ಮೆ, ಒಂದು ಕೆಜಿ ತೂಕಕ್ಕೆ 3, 30 ಮತ್ತು 150 ಮಿಲಿಗ್ರಾಂ ಲೆಕ್ಕದಲ್ಲಿ ಚುಚ್ಚಿದರು. 150ರ ಗುಂಪಿನ ಎರಡು ಕೋತಿಗಳಿಗೆ ಹತ್ತು ವರ್ಷದ ಕೊನೆಗೆ ಗರ್ಭಕೋಶದ ಕ್ಯಾನ್ಸರ್ ಕಂಡಿತು. ಎರಡು ಕಡೆಯೂ 150 ಎಂಬ ಅಂಕಿ ಇದೆ, ಮೋಸ ಹೋಗಬೇಡಿ. ಹೆಂಗಸಿಗೆ ಇಡೀ ಮೈಗೆ 150 ಮಿಲಿಗ್ರಾಂ. ಕೋತಿಗೆ ಒಂದೊಂದು ಕೆಜಿಗೂ 150. ಹೆಂಗಸಿನ ತೂಕ 50 ಕೆಜಿ ಎಂದರೆ ಕೋತಿಗೆ ಬಿದ್ದದ್ದು 50 ಪಟ್ಟು ಡೋಸ್. ಮನುಷ್ಯರ ಮಟ್ಟದ್ದು 3 ಮಿಲಿಗ್ರಾಂ ಗುಂಪು, ಅಲ್ಲಿ ಗರ್ಭಕೋಶದ ಕ್ಯಾನ್ಸರ್ ಇರಲಿಲ್ಲ. ಸ್ತನದಲ್ಲಿ ಕಂಡ ಗಂಟುಗಳ ಕಥೆ ಇನ್ನೂ ತಮಾಷೆಯದು. 3 ಮತ್ತು 30ರ ಗುಂಪಿನಲ್ಲಿ ಬಂದು ಹೋದವು, 150ರ ಗುಂಪಿನಲ್ಲಿ ಬರಲೇ ಇಲ್ಲ. ಡೋಸ್ ಏರಿದಂತೆ ಕಾಯಿಲೆ ಏರಬೇಕಲ್ವಾ?

1978ರಲ್ಲಿ ಎಫ್‌ಡಿಎ ಒಪ್ಪಿಗೆ ನಿರಾಕರಿಸಿತು. ಆಮೇಲೆ ವಿಚಾರಣಾ ಮಂಡಳಿ ಕೂತಿತು, 1984ರಲ್ಲಿ ಅದೂ ಬೇಡ ಎಂದಿತು. ಆ ಹೊತ್ತಿಗೆ ಹತ್ತಾರು ದೇಶಗಳ ಲಕ್ಷಾಂತರ ಹೆಂಗಸರು ಈ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರು. ಕೊನೆಗೆ ಉತ್ತರ ಬಂದದ್ದು ಅವರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 1991ರಲ್ಲಿ ಹೊರಬಂತು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಈ ಹೆಂಗಸರಲ್ಲಿ ಹೆಚ್ಚಿರಲಿಲ್ಲ, ಕಡಿಮೆಯೇ ಆಗಿತ್ತು! ಕೋತಿ ತೋರಿಸಿದ್ದಕ್ಕೆ ತದ್ವಿರುದ್ಧ. ಸ್ತನ ಕ್ಯಾನ್ಸರ್ ಒಟ್ಟಾರೆ ಅಷ್ಟೇನೂ ಹೆಚ್ಚಿರಲಿಲ್ಲ, ಹೊಸದಾಗಿ ಶುರುಮಾಡಿದವರಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಕಂಡಿತು. ಅಕ್ಟೋಬರ್ 1992ರಲ್ಲಿ ಅಮೆರಿಕ ಒಪ್ಪಿತು.

ನಾಯಿಯ ಒಗಟೂ ಬಿಡಿಸಿತು. ನಾಯಿಯಲ್ಲಿ ಈ ಬಗೆಯ ಹಾರ್ಮೋನ್ ಬೆಳವಣಿಗೆಯ ಹಾರ್ಮೋನನ್ನು ಏರಿಸುತ್ತದೆ, ಅದು ಸ್ತನವನ್ನು ಕೆರಳಿಸುತ್ತದೆ. ಬೀಗಲ್ ಪರೀಕ್ಷೆ ಮಾಡಲೇಬೇಕು ಎಂಬ ನಿಯಮವನ್ನು ಮುಂದೆ ಕೈಬಿಟ್ಟರು.

ಗರ್ಭನಿರೋಧಕ ಮಾತ್ರೆಯಿಂದ ಕೋತಿಗೆ ಸ್ತನ ಕ್ಯಾನ್ಸರ್ ಬಂದಿತ್ತು ಅಂತ ಓದಿದ್ದೆ?

1972ರಲ್ಲಿ ಒಂದು ವರದಿ ಬಂದದ್ದು ಹೌದು. ಒಂದು ರೀಸಸ್ ಕೋತಿ. ಒಂದೇ ಒಂದು. ಒಂದು ಕೋತಿಯಿಂದ ಏನನ್ನೂ ಸಾಬೀತು ಮಾಡಲು ಆಗುವುದಿಲ್ಲ, ಹಾಗಂತ ಕಣ್ಣುಮುಚ್ಚಿ ಕೂರಲೂ ಆಗುವುದಿಲ್ಲ. ಎರಡು ವರ್ಷದ ನಂತರ ಇನ್ನೊಂದು ತಂಡ, ಮಾತ್ರೆ ತಿಂದ ರೀಸಸ್‌ಗಳ ಸ್ತನದಲ್ಲಿ ಅಂಥದ್ದು ಕಾಣಲಿಲ್ಲ ಎಂದು ಬರೆಯಿತು. ಹೆಂಗಸರ ಅಧ್ಯಯನಗಳಿಂದ ತಿಳಿದದ್ದು: ಎರಡು ಹಾರ್ಮೋನ್ ಇರುವ ಮಾತ್ರೆಯಿಂದ ಸ್ತನ, ಗರ್ಭಕೊರಳು, ಲಿವರ್ ಕ್ಯಾನ್ಸರ್ ಸ್ವಲ್ಪ ಹೆಚ್ಚುತ್ತದೆ. ಅಂಡಾಶಯ, ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಡಿಮೆಯಾಗುತ್ತದೆ. ಒಂದೇ ಮಾತ್ರೆ ಎರಡೂ ಕೆಲಸ ಮಾಡುತ್ತದೆ.

ಕೋತಿ ನಮಗೆ ಹತ್ತಿರದ ನೆಂಟ. ಹಾಗಾದ್ರೆ ಫಲಿತಾಂಶವೂ ಹತ್ತಿರ ಇರಬೇಕಲ್ವಾ?

ಹತ್ತಿರ ಎಂದರೆ ಯಾವುದರಲ್ಲಿ ಹತ್ತಿರ ಎಂದು ಕೇಳಬೇಕು.

ಮಾಂಸವನ್ನು ಜೋರು ಉರಿಯಲ್ಲಿ ಬೇಯಿಸಿದಾಗ ಐಕ್ಯೂ ಮತ್ತು ಮೀಐಕ್ಯೂಎಕ್ಸ್ ಎಂಬ ಎರಡು ವಸ್ತುಗಳು ಹುಟ್ಟುತ್ತವೆ. ಅಣ್ಣ ತಮ್ಮಂದಿರಂಥವು. ಎರಡೂ ಇಲಿಗಳಲ್ಲಿ ಕ್ಯಾನ್ಸರ್ ತರುತ್ತವೆ. ಸೈನೊಮೋಲ್ಗಸ್‌ಗೆ ಕೊಟ್ಟಾಗ ಐಕ್ಯೂ ಬಹುಪಾಲು ಕೋತಿಗಳಿಗೆ ಲಿವರ್ ಕ್ಯಾನ್ಸರ್ ತಂದಿತು. ಮೀಐಕ್ಯೂಎಕ್ಸ್ ಏನೂ ಮಾಡಲಿಲ್ಲ. ಯಾಕೆ? ಇವು ಹಾಗೇ ಇದ್ದರೆ ಅಪಾಯವಿಲ್ಲ, ಲಿವರ್‌ನ ಕಿಣ್ವಗಳು ಇವನ್ನು ಬದಲಾಯಿಸಿದ ಮೇಲೆಯೇ ಡಿಎನ್‌ಎಗೆ ಅಂಟುತ್ತವೆ. ಮೀಐಕ್ಯೂಎಕ್ಸ್‌ಗೆ ಆ ಕೆಲಸ ಮಾಡುವ ಮುಖ್ಯ ಕಿಣ್ವ ಸಿವೈಪಿ1ಎ2. ಅದು ಈ ಕೋತಿಯ ಲಿವರ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಲಿವರ್‌ನಲ್ಲಿ ಧಾರಾಳ. ಈ ಒಂದು ಹೆಜ್ಜೆಯಲ್ಲಿ ನೆಂಟ ಕೋತಿಗಿಂತ ಇಲಿಯೇ ನಮಗೆ ಹತ್ತಿರ. ‘ಕೋತಿಗೆ ಏನೂ ಆಗಲಿಲ್ಲ, ಕರಿದದ್ದು ಸುಟ್ಟದ್ದು ತಿನ್ನಿ’ ಎಂದರೆ ನಂಬಬೇಡಿ.

ಕೋತಿ ಸರಿಯಾಗಿ ಹೇಳಿದ ಉದಾಹರಣೆ ಇಲ್ಲವೇ ಇಲ್ವಾ?

ಇದೆ, ಚೆನ್ನಾಗಿಯೇ ಇದೆ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದವರು ಅಂಡಾಶಯ ತೆಗೆದ ಸೈನೊಮೋಲ್ಗಸ್‌ಗಳಿಗೆ ಮುಟ್ಟು ನಿಂತ ಹೆಂಗಸರು ತೆಗೆದುಕೊಳ್ಳುವ ಹಾರ್ಮೋನ್‌ಗಳನ್ನೇ ಕೊಟ್ಟರು. ಕ್ಯಾನ್ಸರ್ ಬರಲಿ ಎಂದು ಕಾಯಲಿಲ್ಲ. ಸ್ತನದ ಜೀವಕೋಶಗಳು ಎಷ್ಟು ವೇಗವಾಗಿ ಒಂದು ಎರಡಾಗುತ್ತಿವೆ ಎಂದು ಎಣಿಸಿದರು. ಬರೀ ಈಸ್ಟ್ರೊಜೆನ್‌ಗಿಂತ ಈಸ್ಟ್ರೊಜೆನ್ ಜೊತೆ ಮೆಡ್ರಾಕ್ಸಿಪ್ರೊಜೆಸ್ಟರಾನ್ ಕೊಟ್ಟಾಗ ಜಾಸ್ತಿ. ಇದು 1990ರ ದಶಕದ ಮಾತು. 2002ರಲ್ಲಿ ಸಾವಿರಾರು ಹೆಂಗಸರ ಮೇಲಿನ ದೊಡ್ಡ ಅಮೆರಿಕನ್ ಅಧ್ಯಯನದಲ್ಲಿ ಎರಡೂ ಹಾರ್ಮೋನ್ ತೆಗೆದುಕೊಂಡ ಗುಂಪಿಗೆ ಸ್ತನ ಕ್ಯಾನ್ಸರ್ ಹೆಚ್ಚಿತೆಂದು ಪ್ರಯೋಗ ನಡುವೆಯೇ ನಿಲ್ಲಿಸಿದರು. ಬರೀ ಈಸ್ಟ್ರೊಜೆನ್ ಗುಂಪಿನಲ್ಲಿ ಹೆಚ್ಚಲಿಲ್ಲ.

ಇನ್ನೊಂದು, ಟೆರಿಪ್ಯಾರಟೈಡ್. ಮೂಳೆ ಸವೆತಕ್ಕೆ ಕೊಡುವ ಹಾರ್ಮೋನ್ ತುಣುಕು. ಇಲಿಗಳಿಗೆ ಮೂಳೆ ಕ್ಯಾನ್ಸರ್ ತಂದಿತೆಂದು 2002ರಲ್ಲಿ ಕಪ್ಪು ಚೌಕದ ಎಚ್ಚರಿಕೆಯೊಂದಿಗೇ (ಔಷಧದ ವಿವರಪತ್ರದಲ್ಲಿ ಹಾಕಿಸುವ ಅತಿ ಕಠಿಣ ಎಚ್ಚರಿಕೆ) ಮಾರುಕಟ್ಟೆಗೆ ಬಂತು. ಇಲಿಯ ಮೂಳೆ ಹೆಚ್ಚುಕಡಿಮೆ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ನಮ್ಮದು ಹಾಗಲ್ಲ. ಕೋತಿಗಳಿಗೆ 18 ತಿಂಗಳು ಕೊಟ್ಟು ಆಮೇಲೆ ಮೂರು ವರ್ಷ ಕಾದರೂ ಮೂಳೆಯಲ್ಲಿ ಗಡ್ಡೆ ಕಾಣಲಿಲ್ಲ. ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಮೇಲೆ 2020ರಲ್ಲಿ ಆ ಚೌಕ ತೆಗೆದರು.

ಅಷ್ಟೊಂದು ಡೋಸ್ ಕೊಡುವುದು ಅನ್ಯಾಯ ಅಲ್ವಾ? ಏನನ್ನೇ ಆದ್ರೂ ಕೆಜಿಗಟ್ಟಲೆ ತಿಂದ್ರೆ ಕಾಯಿಲೆ ಬರುತ್ತೆ.

ಪ್ರಾಣಿ ಕಡಿಮೆ ಇದ್ದಾಗ ಸಣ್ಣ ಅಪಾಯ ಕಾಣಿಸಲು ಡೋಸ್ ಏರಿಸುವುದು ಒಂದೇ ದಾರಿ. ಆದರೆ ಎಲ್ಲವೂ ಹೆಚ್ಚು ಡೋಸ್‌ನಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದು ಸುಳ್ಳು. ಸೈಕ್ಲಮೇಟ್ ಎಂಬ ಇನ್ನೊಂದು ಸಿಹಿಕಾರಕವನ್ನು ಕೆಜಿಗೆ 500 ಮಿಲಿಗ್ರಾಂವರೆಗೂ 24 ವರ್ಷದವರೆಗೆ ಕೊಟ್ಟರು. ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಸ್ಪಷ್ಟ ಸಾಕ್ಷಿ ಸಿಗಲಿಲ್ಲ.

ಈಗಲೂ ಕೋತಿಗಳನ್ನು ಹೀಗೆ ಹತ್ತಿಪ್ಪತ್ತು ವರ್ಷ ಇಡ್ತಾರಾ?

ಔಷಧಕ್ಕೆ ಅನುಮತಿ ಪಡೆಯಲು ಅಂಥ ಪರೀಕ್ಷೆಯನ್ನು ಈಗ ಯಾರೂ ಕೇಳುವುದಿಲ್ಲ. ಕೋತಿಗಳಲ್ಲಿ ಸಾಮಾನ್ಯವಾಗಿ ಕೆಲವು ತಿಂಗಳ ವಿಷ ಪರೀಕ್ಷೆ ನಡೆಯುತ್ತದೆ. ಕ್ಯಾನ್ಸರ್ ಪ್ರಶ್ನೆಗೆ ಇಲಿಗಳು, ಬೇಗ ಗಡ್ಡೆ ಬೆಳೆಸುವಂತೆ ಜೀನ್ ಬದಲಿಸಿದ ಸುಂಡಿಲಿಗಳು, ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎ ಹಾನಿ ನೋಡುವ ಏಮ್ಸ್ (Ames) ಪರೀಕ್ಷೆ ಇವೆ. 2022ರ ಕೊನೆಗೆ ಅಮೆರಿಕ ಕಾನೂನು ಬದಲಿಸಿ, ಪ್ರಾಣಿ ಪರೀಕ್ಷೆಯ ಬದಲು ಬೇರೆ ವಿಧಾನಗಳಿಗೂ ದಾರಿ ಮಾಡಿತು.

ಖರ್ಚು ಒಂದು ಕಾರಣ. ನೀತಿ ಇನ್ನೊಂದು. ತನ್ನ ಮರಿಯನ್ನು ಗುರುತಿಸುವ, ಒಂಟಿಯಾದರೆ ಕೊರಗುವ ಪ್ರಾಣಿಯನ್ನು ಹುಟ್ಟಿನಿಂದ ಸಾವಿನವರೆಗೆ ಪಂಜರದಲ್ಲಿಟ್ಟು ಕೊನೆಗೆ ‘ಖಚಿತವಾಗಿ ಹೇಳಲಾಗದು’ ಎಂದು ಬರೆಯುವುದನ್ನು ಒಪ್ಪುವುದು ನನಗಂತೂ ಕಷ್ಟ. ಆ ಮಾಹಿತಿ ಈಗಾಗಲೇ ಇದೆ, ಬಳಸೋಣ. ಮತ್ತೆ ಮಾಡುವುದು ಬೇಡ.

ಸುದ್ದಿಯಲ್ಲಿ ‘ಕೋತಿಗಳಿಗೆ ಕ್ಯಾನ್ಸರ್’ ಅಂತ ಬಂದ್ರೆ ಏನು ನೋಡಬೇಕು?

ಎಷ್ಟು ಕೋತಿ, ಕೆಜಿಗೆ ಎಷ್ಟು ಡೋಸ್, ಎಷ್ಟು ವರ್ಷ. ಏನೂ ಕೊಡದ ಗುಂಪಿನಲ್ಲಿ ಎಷ್ಟಕ್ಕೆ ಬಂತು. ಗಡ್ಡೆಗಳು ಒಂದೇ ಅಂಗದಲ್ಲಿ ಬಂದವಾ, ಎಲ್ಲೆಂದರಲ್ಲಿ ಬಂದವಾ. ಒಂದೇ ಅಂಗದಲ್ಲಿ ಮತ್ತೆ ಮತ್ತೆ ಬಂದರೆ ಕಿವಿ ನಿಮಿರಬೇಕು.

ನಾನು ಡಿಎಂಪಿಎ ಹಾಕಿಸಿಕೊಳ್ತಿದ್ದೇನೆ. ಆ ಎರಡು ಕೋತಿಗಳ ಬಗ್ಗೆ ಹೆದರಬೇಕಾ?

ಆ ಎರಡು ಕೋತಿಗಳ ಬಗ್ಗೆ ಬೇಡ. ಗರ್ಭಕೋಶದ ಒಳಪದರದ ವಿಷಯದಲ್ಲಿ ಹೆಂಗಸರ ಲೆಕ್ಕ ನಿಮ್ಮ ಪರವಾಗಿದೆ. ವೈದ್ಯರ ಹತ್ತಿರ ಮಾತಾಡಬೇಕಾದ್ದು ಬೇರೆ ಇದೆ. ತುಂಬಾ ವರ್ಷ ಬಳಸಿದರೆ ಮೂಳೆಯ ಸಾಂದ್ರತೆ ಇಳಿಯುತ್ತದೆ. ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಇದ್ದರೆ ಹೇಳಿ. 2024ರಲ್ಲಿ ಫ್ರಾನ್ಸಿನ ಒಂದು ದೊಡ್ಡ ಅಧ್ಯಯನ, ಒಂದು ವರ್ಷಕ್ಕೂ ಹೆಚ್ಚು ಕಾಲ ಈ ಇಂಜೆಕ್ಷನ್ ಬಳಸಿದವರಲ್ಲಿ ಮೆನಿಂಜಿಯೋಮ ಜಾಸ್ತಿ ಎಂದು ತೋರಿಸಿತು. ಅದು ಮಿದುಳಿನ ಪೊರೆಯ ಗಡ್ಡೆ, ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಅಪರೂಪದ್ದು ಕೂಡ. ನಾಯಿ, ಕೋತಿಗಳ ಮೇಲೆ ಇಪ್ಪತ್ತು ವರ್ಷ ನಡೆದ ಜಗಳವೆಲ್ಲ ಸ್ತನ, ಗರ್ಭಕೋಶದ ಸುತ್ತಲೇ ಇತ್ತು. ತಲೆಯ ಕಡೆ ನೋಡಬೇಕೆಂದು ತೋರಿಸಿಕೊಟ್ಟವರು ಹೆಂಗಸರೇ. ಬಿಡದ ತಲೆನೋವು, ಮಂಜಾದ ಕಣ್ಣು, ಕಿವಿಯಲ್ಲಿ ಗುಂಯ್ ಶಬ್ದ ಇದ್ದರೆ ಮುಂದಿನ ಇಂಜೆಕ್ಷನ್‌ವರೆಗೆ ಕಾಯದೆ ತೋರಿಸಿ.